ಕರಣೆ ಹಾಕಿದವರ ಹೆಸರು

ಡ್ರಮ್ಮಿನ ಗಣಿತದ ಬಗ್ಗೆ ಏನೇ ಓದಿದರೂ ನಾನು ಒಂದು ಜಾಗದಲ್ಲಿ ಬಂದು ನಿಂತುಬಿಡುತ್ತೇನೆ. ಅಲ್ಲಿಯ ತನಕ ಹೆಸರುಗಳು ಸಾಲಾಗಿ ಬರುತ್ತಿರುತ್ತವೆ. ರ‍್ಯಾಲೇ ಹೀಗೆ ಹೇಳಿದ, ವೈಲ್ ಹೀಗೆ ಸಾಧಿಸಿದ, ಕಾಟ್ಸ್ ಹೀಗೆ ಕೇಳಿದ. ಒಂದೊಂದು ಸಾಲಿಗೂ ಒಬ್ಬ ಯಜಮಾನ. ಆಮೇಲೆ ಮೃದಂಗದ ಮಾತು ಬರುತ್ತದೆ. ಬಂದ ತಕ್ಷಣ ಹೆಸರು ಮಾಯ. ‘ಪ್ರಾಚೀನ ಭಾರತೀಯರು’ ಅಂತಲೋ ‘ನಮ್ಮ ಪರಂಪರೆಯ ಕುಶಲಕರ್ಮಿಗಳು’ ಅಂತಲೋ ಒಂದು ಸಾಲು. ಅದರ ಬೆನ್ನಿಗೇ ‘ಇದರ ಗುಟ್ಟನ್ನು ಸರ್ ಸಿ. ವಿ. ರಾಮನ್ ಬಿಡಿಸಿದರು’ ಅಂತ ಹೆಸರುಗಳು ಮತ್ತೆ ಶುರು. ಗುಟ್ಟು ಬಿಡಿಸಿದವರಿಗೆ ಹೆಸರಿದೆ, ಗುಟ್ಟು ಕಟ್ಟಿದವರಿಗೆ ಇಲ್ಲ. ಮೊದಮೊದಲು ಇದು ನನಗೆ ಸಹಜ ಅನ್ನಿಸುತ್ತಿತ್ತು. ಅಷ್ಟು ಹಳೇ ಕಾಲದ್ದಕ್ಕೆ ಹೆಸರು ಎಲ್ಲಿಂದ ತರೋದು, ಅಲ್ವಾ? ಈಗ ಹಾಗನ್ನಿಸುವುದಿಲ್ಲ. ಕರಣೆ, ಅಂದರೆ ಮೃದಂಗದ ಬಲಗಡೆಯ ಪೊರೆಯ ನಡುವೆ ಹಾಕುವ ಕಪ್ಪು ಲೇಪ, ಹಳೇ ಕಾಲದಲ್ಲಿ ಒಂದು ಸಲ ಹಾಕಿ ಮುಗಿಸಿದ ವಸ್ತು ಅಲ್ಲ. ಇವತ್ತು ಬೆಳಿಗ್ಗೆಯೂ ಯಾರೋ ಒಬ್ಬರು ನೆಲದ ಮೇಲೆ ಕೂತು ಅದನ್ನು ಹಾಕುತ್ತಿದ್ದಾರೆ.

ನಾನು ಗಣಿತ ಪಾಠ ಮಾಡುವವನು. ಸ್ಪೆಕ್ಟ್ರಲ್ ಥಿಯರಿ, ಅಂದರೆ ಒಂದು ವಸ್ತುವಿನಲ್ಲಿ ಯಾವ ಯಾವ ಕಂಪನ ಇರಬಲ್ಲದು ಅನ್ನುವಂಥ ಗಣಿತ, ಶುರು ಮಾಡುವಾಗಲೆಲ್ಲ ಡ್ರಮ್ಮಿನ ಉದಾಹರಣೆಯನ್ನೇ ಹಿಡಿಯುತ್ತೇನೆ. ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ತಂತಿಯೊಂದನ್ನು ಮೀಟಿದರೆ ಅದರ ಕಂಪನಗಳು ಸಲೀಸಾದ ಲೆಕ್ಕದಲ್ಲಿ ಬರುತ್ತವೆ. ಮೂಲದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು. ಹಾಗಾಗಿಯೇ ತಂತಿಗೆ ಸ್ವರ ಇದೆ. ಆದರೆ ದುಂಡನೆಯ ಚೌಕಟ್ಟಿಗೆ ಒಂದೇ ದಪ್ಪದ ಪೊರೆ ಬಿಗಿದು ಬಡಿದರೆ ಲೆಕ್ಕ ಕೆಡುತ್ತದೆ. ಮೂಲವನ್ನು 1 ಅಂದುಕೊಂಡರೆ ಮುಂದಿನವು 1.59, 2.14, 2.30, 2.65, 2.92 ಹೀಗೆ ಅಡ್ಡಾದಿಡ್ಡಿ ಬರುತ್ತವೆ. ಈ ಅಂಕಿಗಳು ದುಂಡನೆಯ ಪೊರೆಯ ಲೆಕ್ಕಕ್ಕೆ ಬೇಕಾಗುವ ಬೆಸೆಲ್ ಫಂಕ್ಷನ್‌ಗಳಿಂದ ಬರುವಂಥವು. ಇವುಗಳ ವರ್ಗವೇ ಪೊರೆಯ ಸಮೀಕರಣಕ್ಕೆ ಉತ್ತರವಾಗಿ ಬರುವ ವಿಶಿಷ್ಟ ಅಂಕಿಗಳ, ಅಂದರೆ ಐಗನ್‌ವ್ಯಾಲ್ಯೂಗಳ ಅನುಪಾತ. ಇಡೀ ಪಟ್ಟಿಗೆ ಸ್ಪೆಕ್ಟ್ರಮ್ ಅಂತ ಹೆಸರು. ಇಂಥ ಪೊರೆಯಿಂದ ಸದ್ದು ಜೋರಾಗಿ ಬರುತ್ತದೆ, ಶ್ರುತಿ ಮಾತ್ರ ಸಿಗುವುದಿಲ್ಲ. ಡೊಳ್ಳಿನ ಏಟು ಎದೆಗೆ ತಾಕುತ್ತದೆ. ಆದರೆ ಅದು ಷಡ್ಜವೋ ಪಂಚಮವೋ ಅಂತ ಯಾರೂ ಕೇಳುವುದಿಲ್ಲ. ಮೃದಂಗವನ್ನು ಮಾತ್ರ ತಂಬೂರಿ ಪಕ್ಕದಲ್ಲಿ ಇಟ್ಟುಕೊಂಡು ಶ್ರುತಿಗೆ ಸೇರಿಸುತ್ತೇವೆ. ಗಣಿತದ ಪ್ರಕಾರ ಅದು ಆಗಬಾರದ ಕೆಲಸ.

ಆಗುವುದು ಹೇಗೆ ಅಂತ ಮೊದಲು ಅಳೆದು ಹೇಳಿದ್ದು 1920ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ಟಿಪ್ಪಣಿ. ಕಲ್ಕತ್ತೆಯ ಕೆಲಸ ಅದು. ಬಲಮುಚ್ಚಿಗೆಯ ನಡುವೆ ಇರುವ ಕಪ್ಪು ಕರಣೆ ಪೊರೆಯ ತೂಕವನ್ನು ಮಧ್ಯಕ್ಕೆ ಜಾಸ್ತಿ ಮಾಡುತ್ತದೆ. ಅದರಿಂದ ಅಡ್ಡಾದಿಡ್ಡಿ ಇದ್ದ ಕಂಪನಗಳು ಸರಿದು ಸಾಲಿಗೆ ಬರುತ್ತವೆ. ಮೊದಲ ಒಂಬತ್ತು ಕಂಪನಗಳು ಸೇರಿ ಐದೇ ಸ್ವರಗಳಾಗುತ್ತವೆ. ಮೂಲ ಒಂದು, ಎರಡರಷ್ಟರದ್ದು ಒಂದು, ಮೂರರಷ್ಟರ ಹತ್ತಿರ ಎರಡು ಬಂದು ಕೂಡುತ್ತವೆ, ನಾಲ್ಕರಷ್ಟರ ಹತ್ತಿರ ಇನ್ನೆರಡು, ಐದರಷ್ಟರ ಹತ್ತಿರ ಮೂರು. ಪೊರೆಯ ಮೇಲೆ ಸಣ್ಣ ಮರಳು ಉದುರಿಸಿ ಬಾರಿಸಿದರೆ, ಅಲುಗದ ಗೆರೆಗಳ ಮೇಲೆ ಮರಳು ಸೇರಿ ರಂಗೋಲಿ ಎಳೆ ಹಾಗೆ ಕಾಣುತ್ತದೆ. ಯಾವ ಏಟಿಗೆ ಯಾವ ಕಂಪನ ಅಂತ ಹಾಗೆ ಗುರುತಿಸಿದರು. ಆ ಟಿಪ್ಪಣಿಗೆ ಇಬ್ಬರ ಹೆಸರಿದೆ. ಸಿ. ವಿ. ರಾಮನ್ ಮತ್ತು ಶಿವಕಾಳಿ ಕುಮಾರ್. ಎರಡನೇ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಹದಿನಾಲ್ಕು ವರ್ಷ ಆದ ಮೇಲೆ, 1934ರಲ್ಲಿ, ರಾಮನ್ ಬೆಂಗಳೂರಿನಲ್ಲಿದ್ದಾಗ ಇದೇ ವಿಷಯದ ದೊಡ್ಡ ಲೇಖನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ ಬಂತು. ಅದು ಅವರೊಬ್ಬರದೇ. ಈಗ ಎಲ್ಲರೂ ನೆನೆಯುವುದು ಅದನ್ನೇ.

ನನಗೆ ತುಂಬ ಇಷ್ಟವಾಗುವುದು ‘ನಂ’ ಅನ್ನುವ ಏಟು. ಮೃದಂಗದ ಮೊದಲ ಪಾಠವೇ ‘ತ ದಿ ತೋಂ ನಂ’. ‘ನಂ’ ನುಡಿಸುವಾಗ ಉಂಗುರದ ಬೆರಳು ಕರಣೆಯ ಅಂಚಿನ ಹತ್ತಿರ ಮೆಲ್ಲಗೆ ತಾಗಿಕೊಂಡಿರುತ್ತದೆ. ತೋರುಬೆರಳು ಹೊರ ಅಂಚಿಗೆ ಹೊಡೆಯುತ್ತದೆ. ಆ ತಾಗಿದ ಬೆರಳು ಏನು ಮಾಡುತ್ತಿದೆ ಗೊತ್ತಾ? ಪೊರೆ ಇಡಿಯಾಗಿ ಮೇಲೆ ಕೆಳಗೆ ಆಡುವ ಮೂಲ ಕಂಪನವನ್ನು ಅಲ್ಲೇ ಅದುಮುತ್ತಿದೆ. ಬೆರಳಿರುವ ಜಾಗದಲ್ಲಿ ಅಲುಗದ ಗೆರೆ ಯಾವುದಕ್ಕೆ ಇದೆಯೋ ಆ ಕಂಪನವನ್ನು ಮಾತ್ರ ಬದುಕಲು ಬಿಡುತ್ತಿದೆ. ನಾನು ಬೋರ್ಡಿನ ಮೇಲೆ ಅರ್ಧ ಗಂಟೆ ಬರೆದು ಬೇರ್ಪಡಿಸುವ ಒಂದು ಕಂಪನದ ರೂಪವನ್ನು, ಅಂದರೆ ಐಗನ್‌ಫಂಕ್ಷನ್ ಅನ್ನು ಎಂಟು ವರ್ಷದ ಹುಡುಗ ಒಂದು ಬೆರಳಿನಿಂದ ಆರಿಸಿಕೊಳ್ಳುತ್ತಾನೆ.

ಎರಡು ಸ್ವರ ಕೇಳ್ತಿದೆ

ಅಕ್ಕನ ಮಗ ಮೃದಂಗ ಕಲಿಯುತ್ತಾನೆ. ಕರಣೆ ಎದ್ದುಹೋಗಿತ್ತು. ಅದನ್ನು ಹೊತ್ತುಕೊಂಡು ಅವನ ಜೊತೆ ಬೆಂಗಳೂರಿನ ಹಳೇ ಪೇಟೆ ಕಡೆಯ ಒಂದು ಗಲ್ಲಿಗೆ ಹೋಗಿದ್ದೆ. ಅಂಗಡಿ ಅನ್ನುವುದಕ್ಕಿಂತ ಉದ್ದನೆಯ ಕೋಣೆ. ಬಾಗಿಲಲ್ಲೇ ಬಾರುಗಳು ನೇತಾಡುತ್ತಿದ್ದವು. ಹಲಸಿನ ಮರದ ಖಾಲಿ ಒಡಲುಗಳನ್ನು ಗೋಡೆಗೆ ಒರಗಿಸಿಟ್ಟಿದ್ದರು. ಚರ್ಮದ ವಾಸನೆ ಒಳಗೆ ಕಾಲಿಟ್ಟ ತಕ್ಷಣ ಮೂಗಿಗೆ ಹೊಡೆಯುತ್ತದೆ. ಕೆಲಸ ಮಾಡುತ್ತಿದ್ದ ಹಿರಿಯರು ಹಳೇ ಕರಣೆಯನ್ನು ಪೂರ್ತಿ ಕೆರೆದು ತೆಗೆದಿದ್ದರು. ಒಂದು ಚಪ್ಪಟೆ ಕಲ್ಲಿನ ಮೇಲೆ ಕಪ್ಪು ಪುಡಿಯನ್ನು ಅನ್ನದ ಜೊತೆ ನಾದುತ್ತಿದ್ದರು. ಬೆರಳಿಗೆ ಅಂಟುವ ಹದ ಬಂದ ಮೇಲೆ ಒಂದು ಚಿಟಿಕೆ ತೆಗೆದು ಪೊರೆಯ ನಡುವೆ ಇಟ್ಟು ಹೆಬ್ಬೆರಳಿನಿಂದ ಹರಡಿದರು. ಆಮೇಲೆ ಶುರುವಾಯಿತು ಉಜ್ಜುವುದು. ಕೈಯಲ್ಲಿ ನುಣುಪಾದ ಒಂದು ಕಲ್ಲು. ಮೆಲ್ಲಗೆ, ಮಧ್ಯದಿಂದ ಅಂಚಿಗೆ, ಸುತ್ತ ಸುತ್ತ. ಪದರ ಒಣಗಿ ಹೊಳೆಯುವ ತನಕ. ಆಮೇಲೆ ಅದರ ಮೇಲೆ ಇನ್ನೊಂದು ಚಿಟಿಕೆ. ಅವಸರ ಅನ್ನುವುದೇ ಇಲ್ಲ. ಒಣಗಿದ ಪದರದಲ್ಲಿ ಕೂದಲೆಳೆಯಂಥ ಬಿರುಕುಗಳು ಬಲೆ ಹಾಗೆ ಏಳುತ್ತವೆ. ನಾನು ಕೆಟ್ಟಿತು ಅಂದುಕೊಂಡೆ. ಅದು ಹಾಗೇ ಇರಬೇಕಂತೆ. ಬಿರುಕು ಬಿಡದೆ ಒಂದೇ ಬಿಲ್ಲೆಯಾಗಿ ಗಟ್ಟಿಯಾದರೆ ಪೊರೆ ಬಾಗುವುದಿಲ್ಲ, ನಾದ ಸತ್ತುಹೋಗುತ್ತದೆ.

ಕೆಲವು ಪದರಗಳಿಗೊಮ್ಮೆ ಅವರು ಕಲ್ಲು ಪಕ್ಕಕ್ಕಿಟ್ಟು ಅಂಚಿನ ಸುತ್ತ ಬೆರಳಿನಿಂದ ತಟ್ಟುತ್ತಿದ್ದರು. ಒಂದು ಕಡೆ, ಅದರ ಎದುರಿಗೆ, ಪಕ್ಕದಲ್ಲಿ. “ಇನ್ನೂ ಎರಡು ಸ್ವರ ಕೇಳ್ತಿದೆ ನೋಡಿ ಸಾರ್,” ಅಂದರು. “ಒಂದಾಗ್ಬೇಕು.” ನನಗೆ ಒಂದೇ ಕೇಳುತ್ತಿತ್ತು. ಹುಡುಗನ ಕಡೆ ನೋಡಿದೆ. “ಹೌದು ಮಾಮ, ಅಲೆ ಅಲೆಯಾಗಿ ಬರ್ತಿದೆ,” ಅಂದ. ಹತ್ತಿರ ಹತ್ತಿರ ಇರುವ ಎರಡು ಕಂಪನಗಳು ಒಟ್ಟಿಗೆ ನುಡಿದಾಗ ನಾದ ಹೆಚ್ಚು ಕಡಿಮೆಯಾಗಿ ಅಲೆಯುತ್ತದೆ. ಅದನ್ನೇ ಇಬ್ಬರೂ ಹೇಳುತ್ತಿದ್ದದ್ದು. ಬರಿಯ ಪೊರೆಯಲ್ಲಿ 2.14 ಮತ್ತು 2.30 ಅಂತ ಬೇರೆ ಬೇರೆ ಇರುವ ಎರಡು ಕಂಪನಗಳು ಮೃದಂಗದಲ್ಲಿ ಮೂರರಷ್ಟರ ಹತ್ತಿರ ಬಂದು ಕೂಡಬೇಕು. ರಾಮನ್ ಲೇಖನದಲ್ಲಿ ಚಿತ್ರ ಸಮೇತ ಇರುವುದು ಅದೇ ಸಂಗತಿ. ಇವರು ಪೊರೆ ತೂಗಲಿಲ್ಲ, ಅಳೆಯಲಿಲ್ಲ. ಚಿಟಿಕೆ ಎಲ್ಲಿಗೆ ಇಡಬೇಕು, ಎಷ್ಟು ಉಜ್ಜಬೇಕು ಅಂತ ಕಿವಿ ಹೇಳಿದ ಹಾಗೆ ಮಾಡುತ್ತಾ ಹೋದರು.

ಗಣಿತದಲ್ಲಿ ಈ ಕೆಲಸಕ್ಕೆ ಇನ್ವರ್ಸ್ ಪ್ರಾಬ್ಲಮ್ ಅಂತಾರೆ. ವಸ್ತು ಕೊಟ್ಟು ಅದರ ಸ್ಪೆಕ್ಟ್ರಮ್ ಹೇಳು ಅನ್ನುವುದು ನೇರ ಪ್ರಶ್ನೆ. ಸ್ಪೆಕ್ಟ್ರಮ್ ಕೊಟ್ಟು ಅಂಥ ವಸ್ತು ಹುಡುಕು ಅನ್ನುವುದು ತಿರುಗುಮುರುಗು ಪ್ರಶ್ನೆ. ಎರಡನೆಯದು ಯಾವಾಗಲೂ ಕಷ್ಟ. 1954ರಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಬಿ. ಎಸ್. ರಾಮಕೃಷ್ಣ ಮತ್ತು ಮನಮೋಹನ್ ಸೋಂಧಿ ಕರಣೆಯನ್ನು ಎರಡು ತೂಕದ ಪೊರೆ ಅಂದುಕೊಂಡು ಲೆಕ್ಕ ಹಾಕಿದರು. ನಡುವೆ ಭಾರದ ವೃತ್ತ, ಸುತ್ತ ಹಗುರ ಉಂಗುರ. ಎರಡರ ಅಳತೆ ಸರಿಯಾಗಿ ಹೊಂದಿಸಿದರೆ ಕಂಪನಗಳು ಹೆಚ್ಚುಕಡಿಮೆ ಸಾಲಿಗೆ ಬರುತ್ತವೆ ಅಂತ ಕಾಗದದ ಮೇಲೆ ತೋರಿಸಿದರು. ಸೊಗಸಾದ ಕೆಲಸ. ಆದರೆ ಹೊಂದಿಸುವ ಕೆಲಸ ಅದಕ್ಕಿಂತ ಮೊದಲೇ ಮುಗಿದಿತ್ತು. ಉತ್ತರ ಎದುರಿಗೇ ಇತ್ತು. ಅದು ಉತ್ತರ ಹೌದು ಅಂತ ಲೆಕ್ಕ ಹೇಳಿತು.

ಕಾಯುತ್ತಾ ಕೂತಿದ್ದಾಗ ನಾನು ಅವರಿಗೆ ರಾಮನ್ ವಿಷಯ ಹೇಳಿದೆ. “ರಾಮನ್ ನಗರದ ರಾಮನ್ನಾ?” ಅಂದರು. ಹೌದು ಅಂದೆ. ಒಂದು ಬಡಾವಣೆಗೆ, ಒಂದು ರಸ್ತೆಗೆ ಹೆಸರಾದವರು ಮೃದಂಗದ ಬಗ್ಗೆ ಬರೆದಿದ್ದಾರೆ ಅಂತ ಕೇಳಿ ಅವರಿಗೆ ಖುಷಿಯಾಯಿತು. ಆಮೇಲೆ ನಾನು ಕೇಳಿದೆ, ನೀವು ಮಾಡಿದ ಮೃದಂಗದ ಒಳಗೆ ನಿಮ್ಮ ಹೆಸರು ಬರೆಯುತ್ತೀರಾ ಅಂತ. ಇಟಲಿಯ ಪಿಟೀಲು ತಯಾರಕ ಸ್ಟ್ರಾಡಿವೇರಿ ತನ್ನ ಪಿಟೀಲಿನ ಒಳಗೆ ಚೀಟಿ ಅಂಟಿಸುತ್ತಿದ್ದನಲ್ಲ, ಹಾಗೆ. ನಕ್ಕರು. “ಹೆಸರು ಹಾಕಿ ಏನ್ ಮಾಡ್ಲಿ ಸಾರ್? ಕರಣೆ ಎದ್ರೆ ಇನ್ಯಾರ ಹತ್ರನೋ ಹಾಕಿಸ್ತಾರೆ. ಅವನು ಕೆಡಿಸಿದ್ರೆ ಬೈಗುಳ ನನ್ನ ಹೆಸರಿಗೆ.” ಹೊರಡುವಾಗ ದುಡ್ಡು ಎಣಿಸಿಕೊಂಡು, “ಬೇಗ ಎದ್ರೆ ವಾಪಸ್ ತನ್ನಿ, ಕಾಸು ಬೇಡ,” ಅಂದರು. ಈ ಎರಡು ಮಾತೂ ನನ್ನ ತಲೆಯಲ್ಲಿ ಕೂತುಬಿಟ್ಟಿವೆ. ಹೆಸರು ಬೇಡ, ಹೊಣೆ ನನ್ನದು. ನಮ್ಮ ಲೋಕದಲ್ಲಿ ಇದರ ಉಲ್ಟಾ ಜಾಸ್ತಿ.

ಪ್ರಶ್ನೆ ಯಾರದು?

ನಮ್ಮ ಲೋಕ ಅಂದರೆ ಪೇಪರ್ ಬರೆಯುವವರ ಲೋಕ. ಅಲ್ಲಿ ಹೆಸರಿನ ಲೆಕ್ಕ ಬಲು ಕಟ್ಟುನಿಟ್ಟು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಡ್ರಮ್ಮಿನ ಕತೆಯನ್ನೇ ನೋಡಿ. 1966ರಲ್ಲಿ ಗಣಿತಜ್ಞ ಮಾರ್ಕ್ ಕಾಟ್ಸ್ ಒಂದು ಲೇಖನ ಬರೆದರು. ಡ್ರಮ್ಮಿನ ಆಕಾರ ಕಿವಿಗೆ ಕೇಳುತ್ತದೆಯೇ ಅನ್ನುವುದೇ ಅದರ ಶೀರ್ಷಿಕೆ. ಅಂದರೆ, ಎಲ್ಲ ಕಂಪನಗಳ ಪಟ್ಟಿ ಕೈಯಲ್ಲಿದ್ದರೆ ಅದು ಯಾವ ಆಕಾರದ ಪೊರೆ ಅಂತ ಹೇಳಬಹುದಾ? ಈ ಪ್ರಶ್ನೆ ಎಲ್ಲ ಕಡೆ ಕಾಟ್ಸ್ ಪ್ರಶ್ನೆ ಅಂತಲೇ ಪ್ರಸಿದ್ಧ. ಆದರೆ ಕಾಟ್ಸ್ ಅದೇ ಲೇಖನದಲ್ಲಿ ಸ್ಪಷ್ಟವಾಗಿ ಹೇಳುತ್ತಾರೆ. ಪ್ರಶ್ನೆ ತಾವು ಹತ್ತು ವರ್ಷದ ಹಿಂದೆ ಬಾಕ್ನರ್ ಅನ್ನುವ ಗಣಿತಜ್ಞರ ಬಾಯಿಂದ ಕೇಳಿದ್ದು. ಇನ್ನೊಬ್ಬ ಗಣಿತಜ್ಞ ಬರ್ಸ್ ಹತ್ತಿರ ಅದನ್ನು ಹೇಳಿದಾಗ ‘ಅಂದರೆ, ಕಿವಿ ಚೆನ್ನಾಗಿದ್ದರೆ ಡ್ರಮ್ಮಿನ ಆಕಾರ ಹೇಳಬಹುದಾ ಅಂತ ತಾನೆ?’ ಅನ್ನುವ ಅರ್ಥದಲ್ಲಿ ಥಟ್ಟನೆ ಆತ ಕೇಳಿದನಂತೆ. ಅಂದರೆ ಪ್ರಶ್ನೆ ಒಬ್ಬರದು, ಅದಕ್ಕೆ ಡ್ರಮ್ಮಿನ ರೂಪ ಕೊಟ್ಟವರು ಇನ್ನೊಬ್ಬರು, ಹೆಸರು ಮೂರನೆಯವರದು. ಇನ್ನೂ ಹಿಂದೆ ಹೋದರೆ 1882ರಲ್ಲೇ ಭೌತವಿಜ್ಞಾನಿ ಆರ್ಥರ್ ಶುಸ್ಟರ್ ಇದನ್ನು ಗಂಟೆಯ ಮಾತಾಗಿ ಹೇಳಿದ್ದ. ಗಂಟೆ ಹೊರಡಿಸುವ ಸ್ವರಗಳಿಂದ ಗಂಟೆಯ ಆಕಾರ ಕಂಡುಹಿಡಿಯುವುದು ಎಂಥ ಗಣಿತಜ್ಞನಿಗೂ ಕಷ್ಟದ ಕೆಲಸ ಅಂತ. ಅವನ ತಲೆಯಲ್ಲಿ ಇದ್ದದ್ದು ಪರಮಾಣುವಿನ ಬೆಳಕು.

ಕಾಟ್ಸ್ ಯಾರದ್ದನ್ನೂ ಕದಿಯಲಿಲ್ಲ. ಹೇಳಬೇಕಾದ್ದನ್ನೆಲ್ಲ ಹೇಳಿದರು. ಓದಿದ ನಾವು ಕೈಬಿಟ್ಟೆವು. ಹೆಸರು ಉಳಿಯುವುದು ಚೆನ್ನಾಗಿ ಬರೆದವರದು. ಕಾಟ್ಸ್ ಲೇಖನ ಓದಿದರೆ ಯಾಕೆ ಅಂತ ಗೊತ್ತಾಗುತ್ತದೆ. ಅಷ್ಟು ತಿಳಿಯಾಗಿ, ಅಷ್ಟು ಆಸೆ ಹುಟ್ಟಿಸುವ ಹಾಗೆ ಬರೆದಿದ್ದಾರೆ.

ವೈಲ್ ಕತೆಯೂ ಇಂಥದೇ. 1910ರಲ್ಲಿ ಡಚ್ ಭೌತವಿಜ್ಞಾನಿ ಲೊರೆಂಟ್ಸ್ ಜರ್ಮನಿಯ ಗಾಟಿಂಗೆನ್‌ಗೆ ಬಂದು ಭಾಷಣ ಮಾಡಿದರು. ತುಂಬ ಮೇಲಿನ ಕಂಪನಗಳನ್ನು ಎಣಿಸುತ್ತಾ ಹೋದರೆ ಆ ಎಣಿಕೆ ಡಬ್ಬದ ಆಕಾರವನ್ನು ಲೆಕ್ಕಿಸದೆ ಅದರ ಗಾತ್ರವನ್ನು ಮಾತ್ರ ಅವಲಂಬಿಸಬೇಕು ಅನ್ನುವುದು ಅವರ ಊಹೆ. ಭೌತಶಾಸ್ತ್ರಜ್ಞರಿಗೆ ಅದು ಬೇಕಾಗಿತ್ತು, ಬಿಸಿ ಡಬ್ಬದೊಳಗಿನ ಬೆಳಕಿನ ಲೆಕ್ಕಕ್ಕೆ. ಇದು ತನ್ನ ಜೀವಮಾನದಲ್ಲಿ ರುಜುವಾತು ಆಗಲಾರದು ಅಂತ ಅಲ್ಲಿಯ ಹಿರಿಯ ಗಣಿತಜ್ಞ ಹಿಲ್ಬರ್ಟ್ ಹೇಳಿದರಂತೆ, ಹಾಗೊಂದು ಕತೆ ಇದೆ. ಆಗ ಅಲ್ಲೇ ಇದ್ದ ಹರ್ಮನ್ ವೈಲ್, ಇಪ್ಪತ್ತೈದರ ಹುಡುಗ, 1911ರಲ್ಲೇ ಸಾಧಿಸಿ ತೋರಿಸಿದ. ಇವತ್ತಿಗೂ ಅದು ವೈಲ್ ನಿಯಮ. ಆದರೆ ಲೊರೆಂಟ್ಸ್ ಆ ಭಾಷಣದಲ್ಲೇ ಲೈಡನ್‌ನ ಯೋಹಾನ್ನಾ ರಾಯ್ಡ್ಲರ್ ಅನ್ನುವ ವಿದ್ಯಾರ್ಥಿನಿಯ ಮಾತು ತಂದಿದ್ದರು. ಕೆಲವು ಸರಳ ಆಕಾರಗಳಿಗೆ ಈ ಊಹೆ ಸರಿ ಅಂತ ಲೆಕ್ಕ ಹಾಕಿ ನೋಡಿದ್ದು ಆಕೆ. ರುಜುವಾತಿಗೂ ಉದಾಹರಣೆಗೂ ವ್ಯತ್ಯಾಸ ಇದೆ, ನಿಜ. ವೈಲ್ ಹೆಸರು ಅಲ್ಲಿರುವುದು ನ್ಯಾಯವೇ. ಆದರೆ ಒಂದು ಊಹೆಯನ್ನು ನಂಬಬಹುದು ಅನ್ನುವ ಧೈರ್ಯ ಬಂದದ್ದು ಯಾರ ಲೆಕ್ಕದಿಂದ? ಅಂಥ ಧೈರ್ಯಕ್ಕೆ ನಮ್ಮಲ್ಲಿ ಹೆಸರಿಡುವ ಪದ್ಧತಿ ಇಲ್ಲ.

ಕಾಟ್ಸ್ ಪ್ರಶ್ನೆಗೆ ಉತ್ತರ ‘ಇಲ್ಲ’ ಅಂತ. 1992ರಲ್ಲಿ ಕ್ಯಾರೊಲಿನ್ ಗಾರ್ಡನ್, ಡೇವಿಡ್ ವೆಬ್, ಸ್ಕಾಟ್ ವೋಲ್ಪರ್ಟ್ ಎರಡು ಬೇರೆ ಬೇರೆ ಆಕಾರದ, ಆದರೆ ಒಂದೇ ಸ್ಪೆಕ್ಟ್ರಮ್ ಇರುವ ಪೊರೆಗಳನ್ನು ತೋರಿಸಿದರು. ದಾರಿ ಮಾಡಿಕೊಟ್ಟದ್ದು 1985ರಲ್ಲಿ ಬಂದ ತೋಷಿಕಾಜು ಸುನಾದ ಅವರ ವಿಧಾನ. (ಡ್ರಮ್ಮಿನ ಗಣಿತ ಮಾಡುವವರಿಗೆ ಸುನಾದ ಅಂತ ಹೆಸರು! ಪಾಠದಲ್ಲಿ ಇದನ್ನು ಹೇಳಿದಾಗಲೆಲ್ಲ ಕ್ಲಾಸು ನಗುತ್ತದೆ.) ಮೂವರ ಹೆಸರಲ್ಲಿ ಯಾರು ಮೊದಲು ಅನ್ನುವ ಜಗಳ ಇಲ್ಲ, ಯಾಕೆಂದರೆ ಗಣಿತದಲ್ಲಿ ಹೆಸರುಗಳನ್ನು ಅಕ್ಷರದ ಕ್ರಮದಲ್ಲಿ ಹಾಕುವುದು ರೂಢಿ. ಯಾರು ಎಷ್ಟು ಮಾಡಿದರು ಅಂತ ಕೇಳುವುದೇ ಇಲ್ಲ. ಒಳ್ಳೆಯ ರೂಢಿ ಅದು. ಆದರೆ ಪಟ್ಟಿಯ ಒಳಗೆ ಬಂದವರಿಗೆ ಮಾತ್ರ.

ಆಶು ಬಾಬು

ಇನ್ನು ನಮ್ಮ ಫೆಬ್ರವರಿ 28, ರಾಷ್ಟ್ರೀಯ ವಿಜ್ಞಾನ ದಿನ. 1928ರ ಆ ದಿನ ಕಲ್ಕತ್ತೆಯಲ್ಲಿ ಕಂಡದ್ದೂ ಸ್ಪೆಕ್ಟ್ರಮ್ಮಿನ ಸಂಗತಿಯೇ. ಬೆಳಕು ಅಣುವಿಗೆ ತಾಗಿ ಚದುರುವಾಗ ಅಣುವಿನ ಕಂಪನದಷ್ಟು ತನ್ನ ಆವೃತ್ತಿಯನ್ನು ಬದಲಿಸಿಕೊಂಡು ಬರುತ್ತದೆ. ಇದಕ್ಕೇ ರಾಮನ್ ಪರಿಣಾಮ ಅನ್ನುವುದು. ಅಣು ಒಂದು ಪುಟ್ಟ ವಾದ್ಯ, ಅದರ ಸ್ವರಗಳನ್ನು ಬೆಳಕಿನಲ್ಲಿ ಓದಬಹುದು. ಮೃದಂಗದ ಮೇಲೆ ಮರಳು ಉದುರಿಸಿದ ಮನುಷ್ಯ ಇಲ್ಲಿಗೆ ಬಂದದ್ದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ. ಅದಕ್ಕೆ ಐದು ವರ್ಷ ಮೊದಲೇ ರಾಮನ್ ಬಳಗದ ಕೆ. ಆರ್. ರಾಮನಾಥನ್ ಅದರ ಸುಳಿವು ಕಂಡಿದ್ದರು, ಆದರೆ ಅದನ್ನು ದ್ರವದಲ್ಲಿನ ಕಲ್ಮಶದ ಹೊಳಪು ಅಂದುಕೊಂಡರು. ಅದೇ ಬಳಗದ ಎಸ್. ವೆಂಕಟೇಶ್ವರನ್ ಗ್ಲಿಸರಿನ್‌ನಲ್ಲಿ ನೀಲಿ ಬದಲು ಹಸಿರು ಛಾಯೆ ಕಂಡರು. ಕೊನೆಗೆ ವಾರಗಟ್ಟಲೆ ಒಂದೊಂದೇ ದ್ರವ ಹಿಡಿದು ನೋಡಿದ್ದು ಕೆ. ಎಸ್. ಕೃಷ್ಣನ್. ‘ನೇಚರ್’ನಲ್ಲಿ ಬಂದ ಮೊದಲ ಟಿಪ್ಪಣಿ ರಾಮನ್, ಕೃಷ್ಣನ್ ಇಬ್ಬರ ಹೆಸರಿನಲ್ಲಿದೆ. ಮಾರ್ಚ್ 16ರಂದು ಬೆಂಗಳೂರಿನಲ್ಲಿ ಮಾಡಿದ ಭಾಷಣ ರಾಮನ್ ಒಬ್ಬರದು. 1930ರ ನೊಬೆಲ್ ಕೂಡ ಅವರೊಬ್ಬರಿಗೇ. ಅದೇ ಹೊತ್ತಿಗೆ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಹರಳುಗಳಲ್ಲಿ ಇದನ್ನೇ ಕಂಡಿದ್ದರು. ರಷ್ಯನ್ನರು ಅದನ್ನು ರಾಮನ್ ಹೆಸರಿನಿಂದ ಕರೆಯದೆ ಬೇರೆಯೇ ಹೆಸರಿಟ್ಟುಕೊಂಡರು.

ಕೃಷ್ಣನ್‌ಗೆ ಅನ್ಯಾಯವಾಯಿತಾ ಅನ್ನುವ ಚರ್ಚೆ ಹಳೆಯದು, ನಾನು ಅದರೊಳಗೆ ಇಳಿಯುವುದಿಲ್ಲ. ರಾಮನ್ ನೊಬೆಲ್ ಭಾಷಣದಲ್ಲಿ ಕೃಷ್ಣನ್, ರಾಮನಾಥನ್, ವೆಂಕಟೇಶ್ವರನ್ ಎಲ್ಲರ ಹೆಸರೂ ಇವೆ. ಕೃಷ್ಣನ್ ಮುಂದೆ ತಾವೇ ದೊಡ್ಡ ವಿಜ್ಞಾನಿಯಾದರು, ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಮೊದಲ ನಿರ್ದೇಶಕರಾದರು. ನನಗೆ ಇನ್ನೊಬ್ಬ ಮನುಷ್ಯನ ಮೇಲೆ ಕುತೂಹಲ. ಆಶುತೋಷ್ ದೇ. ಎಲ್ಲರ ಬಾಯಲ್ಲೂ ಆಶು ಬಾಬು. ರಾಮನ್ ಅವರ ಕಲ್ಕತ್ತೆ ಪ್ರಯೋಗಾಲಯದ ಸಹಾಯಕ. ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಉಪಕರಣ ಜೋಡಿಸುವುದು, ಕತ್ತಲೆ ಕೋಣೆ ಸಿದ್ಧ ಮಾಡುವುದು, ಬೆಳಕಿನ ಕಿರಣ ಹಿಡಿದು ನಿಲ್ಲಿಸುವುದು ಅವರ ಕೆಲಸ. 28ರಂದು ಸ್ಪೆಕ್ಟ್ರೋಸ್ಕೋಪ್ ಜೋಡಿಸಿ ನೋಡಿದಾಗ ರಾಮನ್ ಜೊತೆ ಇದ್ದದ್ದು ಅವರೇ. ಹೀಗಿದ್ದವರು ಪ್ರತಿ ಪ್ರಯೋಗಾಲಯದಲ್ಲೂ ಇರುತ್ತಾರೆ. ಲೇಖನದ ಕೊನೆಗೆ ಒಂದು ಸಾಲಿನ ಧನ್ಯವಾದ ಸಿಕ್ಕರೆ ಪುಣ್ಯ.

ಆದರೆ ಆಶು ಬಾಬು ವಿಷಯದಲ್ಲಿ ರಾಮನ್ ಒಂದು ವಿಚಿತ್ರ ಕೆಲಸ ಮಾಡಿದ್ದರು. 1919ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪೇಪರ್ ಬಂತು. ಆವೃತ್ತಿ ಅಳೆಯುವ ಹೊಸ ವಿಧಾನದ ಬಗ್ಗೆ. ಅದರ ಲೇಖಕ ಆಶುತೋಷ್ ದೇ. ಪೀಠಿಕೆ ಮತ್ತು ಅನುಬಂಧ ಸಿ. ವಿ. ರಾಮನ್. ದೊಡ್ಡವರೇ ಲೇಖಕರಾಗಿ ಸಹಾಯಕನಿಗೆ ಥ್ಯಾಂಕ್ಸ್ ಹೇಳಿ ಮುಗಿಸಬಹುದಿತ್ತು. ಹಾಗೆ ಮಾಡಲಿಲ್ಲ. ಸಾಧನ ಕೈಯಲ್ಲಿ ಹಿಡಿದು ಕೆಲಸ ಮಾಡಿದವನನ್ನು ಲೇಖಕ ಮಾಡಿ, ವಿವರಣೆ ಬರೆದ ತಾವು ಹಿಂದೆ ಮುಂದೆ ನಿಂತರು. ಹೆಸರಿನ ವಿಷಯದಲ್ಲಿ ರಾಮನ್ ಮೇಲೆ ಬರುವ ಟೀಕೆಗಳ ಮಧ್ಯೆ ಈ ಸಂಗತಿ ಯಾರೂ ಎತ್ತುವುದಿಲ್ಲ. ನನಗೆ ಇದು ಅವರ ಬಹು ದೊಡ್ಡ ಕೆಲಸಗಳಲ್ಲಿ ಒಂದು.

ತಾವರೆ ಎಲೆ, ವಿಶ್ವಕರ್ಮ

ಮೃದಂಗಕ್ಕೆ ಮರಳುತ್ತೇನೆ. ‘ಪ್ರಾಚೀನರು’ ಅನ್ನುವವರು ಸ್ವತಃ ಪ್ರಾಚೀನರು ಏನು ಬರೆದಿದ್ದಾರೆ ಅಂತ ನೋಡಬೇಕು. ನಾಟ್ಯಶಾಸ್ತ್ರದಲ್ಲಿ ಮದ್ದಲೆಗಳು ಹುಟ್ಟಿದ ಕತೆ ಇದೆ. ಸ್ವಾತಿ ಅನ್ನುವ ಮುನಿ ನೀರು ತರಲು ಕೊಳಕ್ಕೆ ಹೋಗುತ್ತಾನೆ. ಜೋರು ಮಳೆ. ಹನಿಗಳು ತಾವರೆ ಎಲೆಗಳ ಮೇಲೆ ಬೀಳುತ್ತವೆ. ದೊಡ್ಡ ಎಲೆ, ನಡುವಿನದು, ಚಿಕ್ಕದು. ಒಂದೊಂದರ ದನಿ ಒಂದೊಂದು ಥರ. ಮುನಿ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಆಶ್ರಮಕ್ಕೆ ಬಂದು ವಾದ್ಯ ಮಾಡುತ್ತಾನೆ. ಗಾತ್ರ ಬದಲಾದರೆ ಕಂಪನ ಬದಲಾಗುತ್ತದೆ ಅನ್ನುವುದನ್ನು ಇಷ್ಟು ಚೆಂದವಾಗಿ ಯಾವ ಪಠ್ಯಪುಸ್ತಕವೂ ಹೇಳಿಲ್ಲ. ಆದರೆ ಕತೆಯಲ್ಲಿ ಇನ್ನೊಬ್ಬ ಇದ್ದಾನೆ. ಮುನಿ ಒಬ್ಬನೇ ವಾದ್ಯ ಮಾಡಲಿಲ್ಲ, ವಿಶ್ವಕರ್ಮನ ನೆರವು ಪಡೆದ ಅಂತ ಬರೆದಿದೆ. ಕೇಳಿದವನು ಮುನಿ, ಕಟ್ಟಿದವನು ಕುಶಲಿ. ಇಬ್ಬರ ಹೆಸರೂ ಇದೆ. ಪುರಾಣ ಇಷ್ಟು ಮರ್ಯಾದೆ ತೋರಿಸಿದೆ, ನಾವು ತೋರಿಸುತ್ತಿಲ್ಲ. ವಾದ್ಯಕ್ಕೆ ಹೊಳೆದಂಡೆಯ ಮಣ್ಣು ಹಚ್ಚಿ ಶ್ರುತಿ ಮಾಡುವ ವಿಧಾನವೂ ಅದೇ ಗ್ರಂಥದಲ್ಲಿದೆ. ಆ ಮಣ್ಣಿನಿಂದ ಇವತ್ತಿನ ಕರಣೆ ತನಕ ನಡೆದ ದಾರಿಯಲ್ಲಿ ಎಷ್ಟು ಕೈ, ಎಷ್ಟು ಕಿವಿ ಇದ್ದಿರಬೇಕು! ಯಾರೋ ಒಬ್ಬರು ಮಣ್ಣು ಬಿಟ್ಟು ಕಲ್ಲುಪುಡಿ ಹಿಡಿದರು. ಯಾರೋ ಅನ್ನ ಬೆರೆಸಿದರು. ಇನ್ಯಾರೋ ಬಿರುಕು ಬಿಟ್ಟರೆ ಒಳ್ಳೆಯದು ಅಂತ ಗುರುತಿಸಿದರು.

ಕರ್ನಾಟಕ ಸಂಗೀತದ ಗಾಯಕ ಟಿ. ಎಂ. ಕೃಷ್ಣ 2020ರಲ್ಲಿ ಮೃದಂಗ ತಯಾರಕರ ಬಗ್ಗೆಯೇ ಒಂದು ಪುಸ್ತಕ ಬರೆದರು. ತಮಿಳುನಾಡಿನಲ್ಲಿ ಈ ಕಸುಬಿನವರಲ್ಲಿ ಬಹಳ ಜನ ದಲಿತ ಕ್ರೈಸ್ತರು. ಆಡು, ಹಸು, ಎಮ್ಮೆ ಚರ್ಮ ಮುಟ್ಟಿ ಹದ ಮಾಡುವವರು. ಮೃದಂಗ ವಿದ್ವಾಂಸ ಪಾಲ್ಘಾಟ್ ಮಣಿ ಅಯ್ಯರ್ ನಾದದ ಬಗ್ಗೆ ನಾವು ಎಷ್ಟೊಂದು ಮಾತಾಡುತ್ತೇವೆ. ಅವರಿಗೆ ಮೃದಂಗ ಮಾಡಿಕೊಡುತ್ತಿದ್ದ ಪರ್ಲಾಂದು ಹೆಸರು ರಸಿಕರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಆ ಪುಸ್ತಕದ ಬಿಡುಗಡೆಗೆ ಚೆನ್ನೈನ ಕಲಾಕ್ಷೇತ್ರ ಮೊದಲು ಸಭಾಂಗಣ ಕೊಟ್ಟು ಆಮೇಲೆ ಬೇಡ ಅಂದಿತು. ಹೆಸರು ಯಾಕೆ ಮಾಯವಾಗುತ್ತದೆ ಅನ್ನುವುದಕ್ಕೆ ‘ಹಳೇ ಕಾಲ’ ಒಂದೇ ಕಾರಣ ಅಲ್ಲ ಅಂತ ಅಲ್ಲಿಗೆ ಗೊತ್ತಾಗುತ್ತದೆ. ಚರ್ಮದ ಕೆಲಸದವರ ಹೆಸರು ಹೇಳಿದರೆ ಚರ್ಮದ ಮಾತೂ ಆಡಬೇಕಾಗುತ್ತದೆ. ಪೂಜೆ ಮಾಡಿ ಕುಂಕುಮ ಇಟ್ಟ ವಾದ್ಯದ ಎದುರು ಆ ಮಾತು ಬಹಳ ಜನಕ್ಕೆ ಬೇಡ. ‘ಪರಂಪರೆ’ ಅಂದರೆ ಯಾರಿಗೂ ಮುಜುಗರ ಇಲ್ಲ.

ಹಾಗಾದರೆ ಕರಣೆ ಹಾಕುವವರು ಲೇಖಕರಾ? ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಲೇಖಕ ಯಾರು ಅನ್ನುವುದಕ್ಕೆ ನಾಲ್ಕು ಷರತ್ತು ಇಟ್ಟಿದ್ದಾರೆ, ಬೇರೆ ವಿಷಯದವರೂ ಅದನ್ನು ಎತ್ತಿಕೊಳ್ಳುತ್ತಾರೆ. ಕೆಲಸದಲ್ಲಿ ಗಣನೀಯ ಪಾಲು ಇರಬೇಕು. ಬರೆದಿರಬೇಕು ಅಥವಾ ಬರೆದದ್ದನ್ನು ತಿದ್ದಿರಬೇಕು. ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು. ತಪ್ಪು ಬಂದರೆ ಹೊಣೆ ಹೊರಬೇಕು. ನಾಲ್ಕೂ ಇರಬೇಕು. ಗಲ್ಲಿಯ ಆ ಹಿರಿಯರನ್ನು ಇದಕ್ಕೆ ಹಿಡಿದು ನೋಡಿ. ಪಾಲು ಇದೆ, ಬೇಕಾದಷ್ಟು. ಇನ್ನು ಸಾಕು ಅಂತ ಕಲ್ಲು ಕೆಳಗಿಟ್ಟಾಗ ಅದು ಒಪ್ಪಿಗೆಯೇ. ಹೊಣೆಯಂತೂ ‘ಎದ್ರೆ ವಾಪಸ್ ತನ್ನಿ’ ಅನ್ನುವಷ್ಟು ಇದೆ. ಎಡವುವುದು ಎರಡನೇ ಷರತ್ತಿನ ಹತ್ತಿರ, ಬರೆಯುವುದರ ಹತ್ತಿರ. ಬರೆಯದವರು ಎಷ್ಟೇ ಮಾಡಿದರೂ ಬಾಗಿಲ ಹೊರಗೆ. ಆಶು ಬಾಬು ಒಳಗೆ ಬಂದದ್ದು ಬಾಗಿಲು ಹಿಡಿದು ನಿಲ್ಲಲು ಒಬ್ಬರು ಸಿಕ್ಕಿದ್ದರಿಂದ.

ಎಲ್ಲ ಕರಣೆ ಕೆಲಸದವರನ್ನೂ ಪೇಪರಿನ ಲೇಖಕರನ್ನಾಗಿ ಮಾಡಿ ಅಂತ ನಾನು ಹೇಳುತ್ತಿಲ್ಲ. ಅವರೇ ಬೇಡ ಅಂದದ್ದನ್ನು ಕೇಳಿದ್ದೇನೆ. ಅವರ ಕಾರಣವೂ ಸರಿಯಾಗಿಯೇ ಇದೆ. ಒಂದೇ ಮೃದಂಗದ ಮೇಲೆ ವರ್ಷಗಟ್ಟಲೆ ಹಲವರ ಕರಣೆ ಬಂದು ಹೋಗುತ್ತದೆ. ಆದರೆ ಆ ಕಾರಣವೇ ನನಗೆ ಇನ್ನೊಂದು ದಾರಿ ತೋರಿಸಿತು. ಕರಣೆ ಬದಲಾದರೆ ಸ್ಪೆಕ್ಟ್ರಮ್ ಬದಲಾಗುತ್ತದೆ. ಹೋದ ವರ್ಷ ಅಳೆದ ಮೃದಂಗ ಈ ವರ್ಷ ಅದೇ ಮೃದಂಗ ಅಲ್ಲ. ಪಿಟೀಲಿನ ಧ್ವನಿ ಅಳೆಯುವವರು ಇದು ಸ್ಟ್ರಾಡಿವೇರಿ, ಇದು ಗ್ವಾರ್ನೇರಿ ಅಂತ ಬರೆದೇ ಅಳೆಯುತ್ತಾರೆ. ನಾನು ಓದಿದ ಮೃದಂಗದ ಪೇಪರುಗಳಲ್ಲಿ ಪೊರೆಯ ವ್ಯಾಸ ಇದೆ, ಕೋಣೆಯ ವಿವರ ಇದೆ, ರೆಕಾರ್ಡಿಂಗ್ ಹೇಗೆ ಮಾಡಿದರು ಅಂತ ಇದೆ. ಕರಣೆ ಹಾಕಿದ್ದು ಯಾರು, ಹಾಕಿ ಎಷ್ಟು ದಿನ ಆಗಿತ್ತು ಅಂತ ಇಲ್ಲ. ಅದಿಲ್ಲದೆ ಇನ್ನೊಬ್ಬರು ಆ ಪ್ರಯೋಗವನ್ನು ಮತ್ತೆ ಮಾಡಿ ನೋಡುವುದು ಹೇಗೆ? ಈ ವರ್ಷ ನಮ್ಮ ಹುಡುಗರಿಬ್ಬರು ಪ್ರಾಜೆಕ್ಟಿಗೆ ಮೃದಂಗ ಅಳೆಯುತ್ತೇವೆ ಅಂತ ಬಂದರು. ಮೊದಲು ಆ ಗಲ್ಲಿಗೆ ಹೋಗಿ ಕೇಳಿಕೊಂಡು ಬನ್ನಿ ಅಂದೆ. ಉಪಕರಣಗಳ ಪಟ್ಟಿಯಲ್ಲಿ ಮೈಕ್ರೊಫೋನಿನ ಮಾಡೆಲ್ ನಂಬರ್ ಆದ ಮೇಲೆ ಒಂದು ಸಾಲು ಖಾಲಿ ಬಿಟ್ಟುಕೊಂಡು ಹೋಗಿದ್ದಾರೆ. ಹೆಸರು ಹಾಕಬಹುದಾ ಅಂತಲೂ ಅವರನ್ನೇ ಕೇಳಬೇಕು.